ಮೂರು ಬೆರಳು

ಜೂನ್ ಹದಿನೈದು. ಸಂಖದ ಕನ್ನಡ ಶಾಳಿ, ಐದನೇ ಇಯತ್ತೆ.
ಹೊಸ ಖಡು ಎರಡು ತುಂಡು ಮಾಡಿ
ಹಲಗಿ ಮ್ಯಾಲ ಬರದೆ:

ಚಪ್ಪಲಿ ಹೊರಗ, ಸಾಲಾಗಿ, ಮೂತಿ ಅಂಗಳದ ಕಡೆ.
ಪೆನ್ಸಿಲ್ ಸಿಪ್ಪಿ ಡಬ್ಬ್ಯಾಗ, ಕಿಟಕ್ಯಾಗಲ್ಲ.
ಯಾರರೆ ಬೈದ್ರ ನನಗ ಬಂದು ಹೇಳ್ರಿ,
ತಿರುಗಿ ಬೈದು ಆಮ್ಯಾಲ ಬರಬ್ಯಾಡ್ರಿ.
ಕಿರುಬೆರಳು ಅಂದ್ರ ಹೊರಗ,
ಹೆಬ್ಬೆರಳು ತುಟಿಗೆ ಅಂದ್ರ ನೀರು,
ಇಡೀ ಅಂಗೈ ಅಂದ್ರ ಉತ್ತರ ಗೊತ್ತು.
ಬಾಯಿ ಸುಮ್ಮನಿರಲಿ, ಕೈ ಮಾತಾಡಲಿ.

"ಬಾಯಾರ, ಬಾಯಾರಿಕಿ ಆಗೇದ್ರಿ" ಅಂದ ಅಮೋಗಸಿದ್ಧ,
ಹೆಬ್ಬೆರಳು ಎತ್ತೂದು ಮರತು.
ವರ್ಗಕ್ಕ ವರ್ಗನ ನಕ್ಕಿತು.
ನನಗೂ ನಗು ಬಂತು; ಹೊಳ್ಳಿ ನಿಂತು
ತಾರೀಖು ಇನ್ನೊಮ್ಮೆ ತಿದ್ದಿದೆ.

ಗ್ವಾಡಿಗೆ ಪಾಳಿ ಪಟ್ಟಿ, ಅನ್ನದ ಗಂಜಿ ಹಚ್ಚಿ ಅಂಟಿಸಿದ್ದು.
ಬುಧವಾರ ಕಸ ಹೊಡಿಯೋರು:
ಅಮೋಗಸಿದ್ಧ, ಮಾಯಪ್ಪ, ಕಾಜಲ.

ಮುಂಜಾನೆ ಪ್ರತಿಜ್ಞಾ ಮರಾಠಿಯೊಳಗ,
ಸುವಿಚಾರ ಕನ್ನಡದಾಗ,
ಬೈಗುಳ ಎರಡೂದರಾಗ.
ಗಣಪತಿ ಬರೂದ್ರಾಗ ನೇಮ ರೂಢಿ ಆಗಿತ್ತು.
ಹೇಳದನ ಚಪ್ಪಲಿ ಸಾಲಾಗಿ ನಿಲ್ಲತಿದ್ದವು,
ತುದಿಗೆ ಮಾಯಪ್ಪನವು: ಒಂದು ನೀಲಿ, ಒಂದು ಕೆಂಪು.

ದೀಪಾವಳಿ ಸೂಟಿ ಮುಗದು ಬಾಗಲಾ ತಗದಾಗ
ಟೋಳಿಗಳು ಕರಾಡದ ಕಡೆ ಹೋಗಿದ್ದವು,
ಕೊಯ್ತಾ, ಪಾತ್ರಿ, ಕೂಸು, ನಾಯಿ, ಎಲ್ಲಾ ಒಂದ ಟ್ರ್ಯಾಕ್ಟರಿನಾಗ.
ಹಲಗಿ ಮೂಲ್ಯಾಗ ಬರದೆ:
ಪಟ ಮೂವತ್ತೊಂದು, ಹಾಜರ ಇಪ್ಪತ್ತೆಂಟು, ಗೈರ ಮೂರು.
ದಿನಾ ಅದ ಅಂಕಿ.
ಒಂದು ವಾರದ ಮ್ಯಾಲೆ ಒರಸೂದೂ ಬಿಟ್ಟೆ.

ಡಿಸೆಂಬರ್. ಅಪೂರ್ಣಾಂಕದ ಪಾಠ.
ಒಂದು ರೊಟ್ಟಿ ಬರದು ನಾಕು ಪಾಲು ಮಾಡಾಕತ್ತಿದ್ದೆ.
ಶಾಹೀನ ನದಾಫಳ ಕೈ ಎದ್ದಿತು.
ಕಿರುಬೆರಳಲ್ಲ, ಹೆಬ್ಬೆರಳಲ್ಲ, ಅಂಗೈನೂ ಅಲ್ಲ.
ನಡುವಿನ ಮೂರು ಬೆರಳು.

"ಏನವಾ ಇದು? ನಮ್ಮ ನೇಮದಾಗ ಇಲ್ಲಲ್ಲ?"
"ನೀರಲ್ರಿ. ಹೊರಗೂ ಅಲ್ರಿ. ಉತ್ತರಂತೂ ಗೊತ್ತಿಲ್ರಿ.
ಒಂದು ಕೇಳೂದೈತ್ರಿ.
ಕೇಳಾಕ ನೀವು ಬೆರಳ ಇಟ್ಟಿಲ್ರಿ."

ಹನ್ನೊಂದು ವರ್ಷದ ನೌಕರಿ.
ಮೂತ್ರಕ್ಕೊಂದು ಬೆರಳಿಟ್ಟೆ, ನೀರಿಗೊಂದಿಟ್ಟೆ.
ಇದಕ್ಕಿಡಲಿಲ್ಲ.

"ಕೇಳು."
"ಬುಧವಾರ ಕಸ ನಾವ ಹೊಡಿತೇವ್ರಿ, ಅದರದೇನಿಲ್ಲ.
ಆದ್ರ ಪಟ್ಟ್ಯಾಗ ಅವರ ಹೆಸರಿಗೆ ಟಿಕ್ ಹಾಕೀವ್ರಿ.
ತಪ್ಪೇನ್ರಿ?"

ಗ್ವಾಡಿ ಸಮೀಪ ಹೋಗಿ ನೋಡಿದೆ.
ಮೂರು ಹೆಸರಿನ ಮುಂದ, ವಾರ ವಾರ,
ಪೆನ್ಸಿಲಿನ ಗೀಟು, ಸಣ್ಣವು,
ನಾನು ಬೈದ್ರ ಬಳ್ಳಿಲೆ ಅಳಿಸಾಕ ಬರೂವಷ್ಟು ತೆಳ್ಳಗ.

"ನಾಳೆ ಹೇಳತೇನಿ" ಅಂದೆ.
ನಾಳೆ ಅನಬಾರದಂತ ನಾನ ಅವರಿಗೆ ಹೇಳಿದ್ದೆ.

ಮರುದಿನ ಹಲಗಿ ಮ್ಯಾಲ ಒಂದು ನೇಮ ಹೆಚ್ಚಾಯ್ತು:
ಮೂರು ಬೆರಳು ಅಂದ್ರ ಪ್ರಶ್ನೆ.
ಅಲ್ಲಿಂದ ಸುಖ ಇಲ್ಲ ನನಗ.
ಗಡಿ ಕಲ್ಲಿನ ಮ್ಯಾಲೆ ಕುಂತ ಕಾಗಿ ಯಾವ ರಾಜ್ಯದ್ದು?
ಸೊನ್ನಿಗೆ ಅಪ್ಪ ಯಾರು?
ಬಾಯಾರ, ನಿಮ್ಮ ಲಗ್ನ ಯಾವಾಗ್ರಿ?
ಪಾಠ ಹಿಂದ ಬಿತ್ತು. ಹೆಡ್‌ಮಾಸ್ತರು ಕಿಟಕ್ಯಾಗ ಎರಡು ಸಲ ಹಣಿಕಿ ಹೋದರು.
ಟಿಕ್ಕಿನ ಮಾತು ಯಾರೂ ತಗೀಲಿಲ್ಲ. ನಾನೂ.
ಆದರ ಒಂದು ಬುಧವಾರ ಕೆಂಪು ಪೆನ್ನು ತಗೊಂಡು
ಆ ಗೀಟುಗಳ ಮ್ಯಾಲ ಗೀಟು ಎಳದೆ.

ಮಾರ್ಚ್ ತಿಂಗಳ ಕಡೀಕ ಬಂದರು ಮೂವರೂ.
ಮಾಯಪ್ಪನ ಕಾಲಾಗ ಈಗ ಎರಡೂ ನೀಲಿ.
ಕಾಜಲಳ ಮುಂಗೈ ತುಂಬ ಕಬ್ಬಿನ ಗರಿ ಗೀರಿದ ಗೆರಿ.
ಮೂಲ್ಯಾಗಿನ ಅಂಕಿ ಒರಸಿ ಬರಿಯೂದ್ರಾಗ
ಖಡು ಎರಡು ಸಲ ಮುರೀತು.

ದಶಮಾಂಶ ನಡದಿತ್ತು.
ಅಮೋಗಸಿದ್ಧ ಹಲಗಿ ನೋಡಿದ, ಪುಸ್ತಕ ನೋಡಿದ,
ಮತ್ತ ಹಲಗಿ.
ಚುಕ್ಕಿ ಎಲ್ಲಿಂದ ಬಂತಂತ ಅವನಿಗೆ ತಿಳೀಲಿಲ್ಲ.
ಹೆಬ್ಬೆರಳು ತುಟಿಗೆ ಹೋಯ್ತು, ತಿರುಗಿ ಬಂತು.
ಕಡೀಕ ಮುಷ್ಟಿ ಕಟ್ಟಿ ತೊಡಿ ಮ್ಯಾಲಿಟ್ಟ.

ಬಾಜೂಕ ಕುಂತ ರೇವಣಸಿದ್ಧ
ನನ್ನ ಕಡೆ ಒಂದು ಕಣ್ಣಿಟ್ಟು
ಆ ಮುಷ್ಟಿ ಹಿಡದು, ಒಂದೊಂದ ಬೆರಳು ಬಿಡಿಸಿದ.
ಹೆಬ್ಬೆರಳಿನ ಕೆಳಗ ಕಿರುಬೆರಳು ಮಡಚಿಟ್ಟ,
ಆಮ್ಯಾಲ ಮೊಣಕೈಗೆ ಕೈ ಕೊಟ್ಟು
ಮ್ಯಾಲೆತ್ತಿದ.